ಎತ್ತಿಟ್ಟ ಕಡುಬು

ನಮ್ಮಮ್ಮ ನೈವೇದ್ಯಕ್ಕೆ ಮುಂಚೆ ಉಪ್ಪು ನೋಡುವುದಕ್ಕೂ ನಾಲಿಗೆಗೆ ಏನೂ ತಾಗಿಸದ ಹೆಂಗಸು. ಅಂಥವಳ ಮಗಳು ನಾನು, ಬಾಬುರಾಯನಕೊಪ್ಪಲಿನ ಅಕ್ಕಸಾಲಿಗರ ಮನೆಯವಳು, ಮೈಸೂರಿನ ಪ್ರೊಟೆಸ್ಟೆಂಟರ ಕಾಲೇಜಿನಲ್ಲಿ ಇತಿಹಾಸದ ಎಂ.ಎ.ಗೆ ಸೇರಿ ಕ್ರೈಸ್ತ ಸಭೆಯ ಆರಂಭಕಾಲವನ್ನೇ ವಿಶೇಷ ವಿಷಯವಾಗಿ ಆರಿಸಿಕೊಂಡೆ. ಆ ಕಾಲದ ಜಗಳಗಳು ನನಗೆ ನಮ್ಮ ಬೀದಿಯವೇ ಅನ್ನಿಸುತ್ತಿದ್ದವು. ಯಾರ ಮನೆಯಲ್ಲಿ ಉಣ್ಣಬಹುದು, ಯಾರ ಪಕ್ಕ ಕೂರಬಹುದು ಅನ್ನುವುದೇ ಅಲ್ಲೂ ತಕರಾರು.

ನಾಗಮಂಗಲದ ಸೋದರಮಾವನಿಗೆ ಇದು ಹಿಡಿಸಲಿಲ್ಲ. ಅಪ್ಪ ಇಲ್ಲದ ಮನೆಯಲ್ಲಿ ಅವನ ಮಾತೇ ಕೊನೆ.

"ಗಣೇಶನ ಹಬ್ಬಕ್ಕೆ ನಿಂಗೆ ಪಾಠ ಮಾಡೋ ಆ ಕ್ರಿಶ್ಚಿಯನ್ ಮೇಡಂನ ಕರಿ. ನಮ್ಮನೇಲಿ ಉಂಡ್ರೆ ನೀನು ಓದು. ಎಲೆ ಮುಟ್ದೆ ಎದ್ರೆ ಕಾಲೇಜು ಬುಟ್ಬುಡು," ಅಂದ.

ನನ್ನ ಸೆಮಿನಾರಿನ ವಿಷಯವೂ ಅದೇ ಆಗಿತ್ತು: ವಿಗ್ರಹಕ್ಕೆ ಅರ್ಪಿಸಿದ್ದನ್ನು ಕ್ರೈಸ್ತರು ತಿನ್ನಬಹುದೇ? ಎದುರಿಗಿಟ್ಟದ್ದನ್ನು ಏನೂ ವಿಚಾರಿಸದೆ ಉಣ್ಣಿ, ಆದರೆ ಅದು ಅರ್ಪಿಸಿದ್ದೆಂದು ಯಾರಾದರೂ ಹೇಳಿದರೆ ಬಿಟ್ಟುಬಿಡಿ ಎಂದು ಅಂದಿನ ಒಬ್ಬ ಅಪೊಸ್ತಲ, ಅಂದರೆ ಯೇಸುವಿನ ಸಂದೇಶ ಸಾರಿದ ಆದಿ ಗುರು, ಸಲಹೆ ಕೊಟ್ಟಿದ್ದ. ಅಡುಗೆಮನೆಯ ಗೋಡೆಗೊರಗಿ ನಾನು ಅದನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದೆ. ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದಳು. ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ನನಗೆ ಅನ್ನಿಸಿರಲೇ ಇಲ್ಲ.

ಹಬ್ಬದ ದಿನ ಮೇಡಂ ಬಂದರು. ಎಲೆಗೆ ಕಡುಬು ಬಡಿಸಿದ್ದಾಯಿತು. ಅವರು ಕೈ ಹಾಕುವಷ್ಟರಲ್ಲಿ ಮಾವ, "ದೇವ್ರಿಗಿಕ್ಕಿದ್ದು ಕಣಮ್ಮ ಅದು," ಅಂದ. ಬೇಕಂತಲೇ ಅಂದ. ಮೇಡಂ ಕೈ ಅಲ್ಲೇ ನಿಂತಿತು. ನನ್ನ ಓದಿನ ಕಥೆ ಮುಗಿಯಿತು ಅಂದುಕೊಂಡೆ. ಮಾವನ ಮೇಲೆ ಮೈಯೆಲ್ಲ ಉರಿಯಿತು.

"ಅಲ್ಲ ಕಣಣ್ಣ," ಅಂದಳು ಅಮ್ಮ, ಸಾರಿನ ಸೌಟು ಹಿಡಿದುಕೊಂಡೇ. "ಅವ್ರೆಲೇದು ಪೂಜೆಗೆ ಮುಂಚೇನೇ ಎತ್ತಿಟ್ಟಿದ್ದು. ದೇವ್ರಿಗಿಕ್ಕಿದ್ದು ಅಂತ ಯಾರಾರ ಏಳುದ್ರೆ ಅವ್ರು ತಿನ್ಬಾರ್ದಂತೆ. ಇವ್ಳು ದಿನಾ ಓದ್ತಿರ್ತಾಳೆ."

"ದೇವ್ರಿಗಿಂತ ಮುಂಚೆ ಮನುಷ್ರಿಗಾ?" ಮಾವನ ಮುಖ ಕೆಂಪಾಯಿತು.

"ನನ್ ಮಗಳ ಗುರು ಕಣಣ್ಣ. ಗಣಪನ ತಾವ ಕೇಳ್ಕೊಂಡೇ ಎತ್ತಿಟ್ಟಿವ್ನಿ."

ಮೇಡಂ ಉಂಡರು, ಇನ್ನೊಂದು ಕಡುಬನ್ನೂ ಕೇಳಿದರು. ಅಮ್ಮ ಅವರಿಗೆಂದೇ ಮುಚ್ಚಿಟ್ಟಿದ್ದ ಡಬ್ಬಿ ತಂದಳು. ಮಾವ ತನ್ನ ಎಲೆ ಖಾಲಿ ಮಾಡಿದ. ಕಾಲೇಜಿನ ಮಾತು ಮತ್ತೆ ಎತ್ತಲಿಲ್ಲ.

ಈಗ ಅದೇ ವಿಷಯವನ್ನು ನಾನು ಪಾಠ ಮಾಡುತ್ತೇನೆ. ಆ ಅಪೊಸ್ತಲನ ಸಲಹೆ ಬಂದಾಗಲೆಲ್ಲ ಈ ಕಡುಬಿನ ಸಂಗತಿ ಹೇಳದೆ ಮುಂದಕ್ಕೆ ಹೋಗುವುದಿಲ್ಲ. ನನಗೆ ಹೆಮ್ಮೆ, ಅದನ್ನು ಬಚ್ಚಿಡುವುದೇಕೆ? ಉಪ್ಪು ಕೂಡ ನೋಡದ ನನ್ನಮ್ಮ, ನನ್ನ ಓದಿಗೋಸ್ಕರ ಅವತ್ತು ದೇವರನ್ನೇ ಸ್ವಲ್ಪ ಹೊತ್ತು ಕಾಯಿಸಿದ್ದಳು.