ಹನ್ನೊಂದು ಸಲ ತೆರೆದ ಪತ್ರ

ಟಿಣ್. ಸ್ಟೀಲಿನ ಲೋಟಕ್ಕೆ ಚಮಚದ ತುದಿ ತಾಗಿದ ಹಾಗೆ, ಅಷ್ಟೇ ಸಣ್ಣ ಸದ್ದು. ನಾವು ಕಳಿಸಿದ ಈಮೇಲನ್ನು ಎಲ್ಲೋ ಯಾರೋ ತೆರೆದಾಗ ನನ್ನ ಮುಂದಿನ ಕಂಪ್ಯೂಟರ್ ಹೀಗೆ ಸದ್ದು ಮಾಡುತ್ತಿತ್ತು. ಗಂಗಾವತಿಯ ಆ ರಸ್ತೆಯಲ್ಲಿ ನಮ್ಮ ಹಿಂದೆ ರೈಸ್ ಮಿಲ್ಲು, ಮುಂದೆ ಆಟೋ ಸ್ಟ್ಯಾಂಡು. ಆ ಗದ್ದಲದಲ್ಲೂ ಅದು ನನಗೆ ತಪ್ಪದೆ ಕೇಳಿಸುತ್ತಿತ್ತು. ಮೊದಮೊದಲು ಕೇಳಿದರೆ ಖುಷಿ. ಈಗ ಅಡಿಗೆಮನೆಯಲ್ಲಿ ಲೋಟಕ್ಕೆ ಚಮಚ ತಾಗಿದರೂ ಕೈ ಒಂದು ಗಳಿಗೆ ನಿಲ್ಲುತ್ತದೆ.

ನಾನು ರಿಟೈರ್ ಆಗಿ ಎಷ್ಟೋ ವರ್ಷವಾಗಿತ್ತು. ನನ್ನ ಕೈಯಲ್ಲಿ ಎ ಬಿ ಸಿ ಡಿ ಕಲಿತ ಹುಡುಗಿಯೊಬ್ಬಳು ಡಾಕ್ಟರಾಗಿ ಬಂದು ಊರಲ್ಲೇ ಲ್ಯಾಬ್ ತೆರೆದಿದ್ದಳು. ರಕ್ತ, ಗಂಟು, ಗಡ್ಡೆ ಎಲ್ಲ ಪರೀಕ್ಷೆ ಮಾಡುವ ಲ್ಯಾಬ್. ಒಂದು ದಿನ ಮನೆಗೇ ಬಂದಳು.

"ಟೀಚರ್, ಮನ್ಯಾಗ ಕುಂತು ಏನ್ ಮಾಡ್ತೀರಿ? ನಮ್ಮ ಮೇಲ್‌ಗಳ ಇಂಗ್ಲಿಷ್ ತಿದ್ದಾಕ ಬರ್ರಿ."

"ಕಣ್ಣು ಮೊದಲಿನಂಗ ಇಲ್ಲವಾ."

"ನಾ ಕಾಮಾ ಬಿಟ್ಟಿದ್ದು ಕ್ಲಾಸಿನ ಬಾಗಲದಾಗ ನಿಂತು ಕಂಡುಹಿಡೀತಿದ್ರಿ. ಇದೂ ಕಾಣತೈತಿ, ಬರ್ರಿ."

ಹೋದೆ. ಇಂಗ್ಲಿಷ್ ತಿದ್ದುವುದು ಅರ್ಧ ಕೆಲಸ. ಉಳಿದರ್ಧ, ಹೊರಗೆ ಹೋದ ಮೇಲ್‌ಗಳ ಒಂದು ಪೇಜನ್ನು ಕಾಯುವುದು. ಪ್ರತಿ ಪೇಷಂಟಿನ ಹೆಸರಿನ ಮುಂದೆ ಒಂದು ಚುಕ್ಕಿ. ರಿಪೋರ್ಟು ಮುಟ್ಟದೆ ವಾಪಸ್ ಬಂದರೆ ಕೆಂಪು, ಮುಟ್ಟಿಯೂ ತೆರೆಯದಿದ್ದರೆ ಹಳದಿ, ತೆರೆದರೆ ಹಸಿರು. ಎಷ್ಟು ಸಲ ತೆರೆದರು, ಎಷ್ಟು ಗಂಟೆಗೆ, ಅದೂ ಪಕ್ಕದಲ್ಲಿ ಮೂಡುತ್ತಿತ್ತು. ಕೆಂಪಿನವರಿಗೆ, ಹಳದಿಯವರಿಗೆ ನಾನು ಫೋನ್ ಮಾಡಬೇಕು. ಹಸಿರಿನವರ ತಂಟೆಗೆ ಹೋಗಬೇಕಾಗಿಲ್ಲ. ದಟ್ ವಾಸ್ ದಿ ರೂಲ್.

"ಅವರು ಅಲ್ಲಿ ತಗದಿದ್ದು ನಮಗಿಲ್ಲಿ ಹ್ಯಾಂಗ ಗೊತ್ತಾಗತೈತಿ?" ಎಂದು ಕೇಳಿದೆ.

"ಕಣ್ಣಿಗೆ ಕಾಣದಂಥ ಸಣ್ಣ ಚಿತ್ರ ಒಂದು ಮೇಲ್‌ನ್ಯಾಗ ಇಟ್ಟಿರತೇವ್ರಿ. ಅವರು ತಗದ ಕೂಡ್ಲೆ ಆ ಚಿತ್ರ ನಮ್ಮ ಕಡಿಂದ ಹೋಗತೈತಿ. ಹೋತಂದ್ರ ತಗದ್ರು ಅಂತ."

"ಅಂದ್ರ ಗೂಢಚಾರ."

"ಗೂಢಚಾರ ಅಲ್ರಿ ಟೀಚರ್, ರಿಸೀಟು."

ನಾನು ನಕ್ಕೆ. ಆದರೆ ನನಗೆ ಕಾನ್ವೆಂಟಿನ ಹಾಸ್ಟೆಲ್ ನೆನಪಾಯಿತು. ಅಲ್ಲಿ ಪ್ರತಿ ಶನಿವಾರ ನಮ್ಮ ಪತ್ರಗಳನ್ನು ಅಂಟಿಸದೆ ಸಿಸ್ಟರ್ ಕೈಗೆ ಕೊಡಬೇಕು. ಅವರು ಓದಿ, ರಿಜಿಸ್ಟರಿನಲ್ಲಿ ನಮ್ಮ ಹೆಸರಿನ ಮುಂದೆ 'ಪೋಸ್ಟೆಡ್' ಎಂದು ಬರೆಯುತ್ತಿದ್ದರು. ಮೈನೆರೆದ ವಾರ ನಾನು ಅವ್ವನಿಗೆ ಪತ್ರ ಬರೆದೆ, ಹೆದರಿಕಿ ಆಗೈತಿ ಬಾ ಅಂತ. ಸಿಸ್ಟರ್ ಕೆಂಪಾದರು, ಆದರೂ ಕಳಿಸಿದರು. ಅವ್ವನಿಗೆ ಓದಲು ಬಾರದು. ಪೋಸ್ಟಿನವನು ನಮ್ಮ ಮನೆ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದ. ರಜೆಗೆ ಹೋದಾಗ ಓಣಿಯ ಗಂಡಸರೆಲ್ಲ ನನ್ನನ್ನು ಬೇರೆ ಥರ ನೋಡಿದರು. ರಿಜಿಸ್ಟರಿನಲ್ಲಿ ಮಾತ್ರ ಎಲ್ಲ ಸರಿಯಿತ್ತು. ಇಷ್ಟು ಗೊತ್ತಿದ್ದವಳು ನಾನು. ಮುಂದೊಂದು ದಿನ ಒಬ್ಬಳು ತಂದ ಆ ಚೀಟಿ ನೋಡಿದಾಗಲೇ ಎಚ್ಚರಾಗಬೇಕಿತ್ತು.

ಚೀಟಿ ತಂದವಳು ಭತ್ತದ ನಾಟಿಗೆ ಹೋಗುವ ಹೆಂಗಸು. ನಲವತ್ತರ ಆಸುಪಾಸು. ಉಗುರಿನ ಸಂದಿಯಲ್ಲಿ ಕೆಸರು, ತೊಳೆದರೂ ಹೋಗದ್ದು. ಊರು ವಿರೂಪಾಪುರಗಡ್ಡೆಯ ಕಡೆಗೆ. ಗಂಡ ಇಲ್ಲ, ಮಗಳೊಂದಿಗೆ ಗಂಡನ ಅಣ್ಣನ ಮನೆಯಲ್ಲಿ ಇರುವವಳು. ಎದೆಯಲ್ಲಿ ಗಂಟು. ಡಾಕ್ಟರು ಗಂಟಿಗೆ ಸೂಜಿ ಹಾಕಿ ಒಂದಿಷ್ಟು ರಸ ತೆಗೆದು, ಗಾಜಿನ ಸ್ಲೈಡಿನ ಮೇಲೆ ಸವರಿಟ್ಟಳು. ನಾನು ಫಾರ್ಮ್ ತುಂಬುತ್ತಿದ್ದೆ. ಮೇಲ್ ಐಡಿ ಹಾಕದೆ ಅದು ಮುಂದಕ್ಕೇ ಹೋಗುವುದಿಲ್ಲ.

"ಮೇಲ್ ಐಡಿ ಐತೇನವಾ?"

"ಐತ್ರಿ ಅಮ್ಮಾರ," ಎಂದು ಎಲೆಅಡಿಕೆ ಚೀಲದಿಂದ ಮಡಚಿದ ಚೀಟಿ ತೆಗೆದಳು. ಊರ ಬಸ್ ಸ್ಟಾಪಿನ ಆನ್‌ಲೈನ್ ಸೆಂಟರಿನವನು ಬರೆದುಕೊಟ್ಟದ್ದು.

"ಇದು ನಿಂದನ?"

"ನಮ್ಮೂರಾಗ ಎಲ್ಲಾರ್ದೂ ಇದನರಿ. ರೇಷನ್ ಕಾರ್ಡಿಗೂ ಇದನ, ಪಿಂಚಣಿಗೂ ಇದನ."

ಐ ಮಸ್ಟ್ ಕನ್‌ಫೆಸ್, ನನಗೆ ಅದು ತಮಾಷೆ ಅನ್ನಿಸಿತು. ಟೈಪ್ ಮಾಡಿಬಿಟ್ಟೆ. ಫೋನ್ ನಂಬರ್ ಭಾವನದು ಕೊಟ್ಟಳು. ಹಿಂದೆ ಸಾಲಿನಲ್ಲಿ ಆರು ಜನ ನಿಂತಿದ್ದರು.

ಮೂರನೇ ದಿನ ರಿಪೋರ್ಟು ಹೋಯಿತು. ಕ್ಯಾನ್ಸರ್. ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂಬ ಸಾಲನ್ನು ನಾನೇ ದಪ್ಪ ಅಕ್ಷರ ಮಾಡಿದ್ದೆ. ಅರ್ಧ ತಾಸಿನಲ್ಲಿ ಟಿಣ್. ಹಸಿರು. ಮಧ್ಯಾಹ್ನ ಮತ್ತೆ ಟಿಣ್. ಸಂಜೆಯೊಳಗೆ ನಾಲ್ಕು ಸಲ, ಎರಡು ದಿನದಲ್ಲಿ ಹನ್ನೊಂದು ಸಲ. ಪಾಪ, ನಂಬಲಾರದೆ ಮತ್ತೆ ಮತ್ತೆ ಓದಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ನನ್ನ ಕಣ್ಣಲ್ಲಿ ನೀರೂ ಬಂತು. ಆಮೇಲೆ ಬೇರೆ ಕೆಂಪು, ಹಳದಿ ಚುಕ್ಕಿಗಳಿದ್ದವು.

ಇಂಥ ರಿಪೋರ್ಟು ಬಂದವರು ಸ್ಲೈಡ್ ಒಯ್ಯಲು ವಾಪಸ್ ಬಂದೇ ಬರುತ್ತಾರೆ. ಹುಬ್ಬಳ್ಳಿಯ ಆಸ್ಪತ್ರೆಯವರು ಮೊದಲು ಕೇಳುವುದೇ ಅದನ್ನು. ಏಳನೇ ವಾರ ಶೆಲ್ಫ್ ಒರೆಸುವಾಗ ಅವಳ ಸ್ಲೈಡಿನ ಡಬ್ಬಿ ಕೈಗೆ ಬಂತು. ಮೇಲೆ ಧೂಳು.

ಫೋನ್ ಮಾಡಿದೆ. ಗಂಡಸಿನ ದನಿ.

"ಪೇಪರ್ ಬಂದೈತ್ರಿ. ನೋಡೇವಿ."

"ಆಕಿ ಕೈಯಾಗ ಕೊಡ್ರಿ ಫೋನು."

"ಹೊಲಕ್ಕ ಹೋಗ್ಯಾಳ."

"ದವಾಖಾನಿಗೆ ಹೋಗೂದು ಭಾಳ ಜರೂರ್ ಐತ್ರಿ."

"ನೋಡೋಣಂತ. ನೀವು ಮತ್ತ ಮತ್ತ ಫೋನ್ ಹಚ್ಚಬ್ಯಾಡ್ರಿ, ಮನಿಗೆ ಮಂದಿ ಬಂದಾರ."

ಫೋನ್ ಇಟ್ಟವಳು ಕಂಪ್ಯೂಟರಿನಲ್ಲಿ ಆ ಒಂದೇ ಮೇಲ್ ಐಡಿ ಹಾಕಿ ಹುಡುಕಿದೆ. ಹದಿನಾಲ್ಕು ಹೆಸರು ಬಂದವು. ಸಕ್ಕರೆ ಕಾಯಿಲೆಯವರು, ಬಸುರಿಯರು, ಮಕ್ಕಳಾಗದವರು. ಎಲ್ಲರ ಮುಂದೆಯೂ ಹಸಿರು. ಹದಿನಾಲ್ಕನ್ನೂ ತೆರೆದದ್ದು ಒಂದೇ ಕೈ.

ಮರುದಿನ ಬಸ್ಸು ಹಿಡಿದು ಹೋದೆ. ಆನ್‌ಲೈನ್ ಸೆಂಟರಿನವನು ಐವತ್ತು ದಾಟಿದ ಮನುಷ್ಯ, ಚಷ್ಮಾ ಹಣೆಗೇರಿಸಿಕೊಂಡು ಯಾರದೋ ಆಧಾರ್ ಲ್ಯಾಮಿನೇಷನ್ ಮಾಡುತ್ತಿದ್ದ. ಲ್ಯಾಬಿನಿಂದ ಬಂದೆ ಅಂದದ್ದಕ್ಕೆ ಕುರ್ಚಿ ಕೊಟ್ಟ.

"ಪ್ರಿಂಟ್ ತಗದು ಕೊಟ್ಟೇನ್ರಿ ಅವತ್ತೇ."

"ಯಾರಿಗೆ?"

"ಆಕಿ ಭಾವಗ. ಹೆಣ್ಮಕ್ಕಳ ಎದಿ ವಿಷಯ. ಆಕಿ ಮುಂದ ನಿಂತು ನಾ ಹ್ಯಾಂಗ ಹೇಳ್ಲಿರಿ?"

"ಹನ್ನೊಂದು ಸಲ ತಗದು ನೋಡೀರಿ."

ಅವನ ಕೈ ನಿಂತಿತು. ಮೊದಲು ನನ್ನನ್ನು, ಆಮೇಲೆ ತನ್ನ ಕಂಪ್ಯೂಟರನ್ನು ನೋಡಿದ. "ಅದು ನಿಮಗ ಹ್ಯಾಂಗ ಗೊತ್ತು?"

ನಾನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ. ಅವನೇ ಹೇಳಿದ, ದನಿ ಇಳಿಸಿ. ಮೊದಲು ತಾನು ಓದಿದ್ದು. ಆಮೇಲೆ ಭಾವ ಇಂಗ್ಲಿಷ್ ಬಲ್ಲ ಒಬ್ಬೊಬ್ಬರನ್ನೇ ಕರೆತಂದು ಓದಿಸಿದ್ದು. ಆಮೇಲೆ ಅವರ ಜೊತೆಗೆ ಬಂದವರು.

"ಆಕಿಗೆ?"

"ನಾರ್ಮಲ್ ಐತಿ ಅಂತ ಹೇಳ್ಯಾರ್ರಿ. ಮಗಳಿಗೆ ಗಂಡು ನೋಡಿ ಹೋಗ್ಯಾರ, ನಿಶ್ಚಯ ಆಗೂತನ ಸುಮ್ನಿರೋಣ ಅಂತ. ತಾಯಿಗೆ ಈ ಬ್ಯಾನಿ ಅಂದ್ರ ಯಾರು ಹೆಣ್ಣು ತಗೋತಾರ್ರಿ?"

ಗದ್ದೆಗೆ ದಾರಿ ಅವನೇ ತೋರಿಸಿದ. ಬದುವಿನ ಮೇಲೆ ನನ್ನ ಚಪ್ಪಲಿ ಜಾರುತ್ತಿದ್ದವು. ಹತ್ತು ಹನ್ನೆರಡು ಹೆಂಗಸರು ಬಾಗಿ ಸಾಲಾಗಿ ಸಸಿ ನೆಡುತ್ತಿದ್ದರು. ಕರೆದೆ. ಬಂದಳು, ಕೈಯಲ್ಲಿ ಸಸಿಯ ಕಟ್ಟು ಹಿಡಿದೇ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೇರೆ ಥರ ಹೇಳಲು ನನಗೆ ಬರಲಿಲ್ಲ.

"ಯಾವಾಗ ಬಂತ್ರಿ ಪೇಪರು?"

"ಏಳು ವಾರ ಆತವಾ."

ಅವಳು ತಿರುಗಿ ಆ ಸಾಲನ್ನು ನೋಡಿದಳು. ನಮ್ಮ ಮಾತು ಅಲ್ಲಿಗೆ ಕೇಳುವಷ್ಟೇ ದೂರ. ಯಾರೂ ತಲೆ ಎತ್ತಲಿಲ್ಲ. ಅಷ್ಟೂ ಬೆನ್ನುಗಳು ಬಾಗಿಯೇ ಇದ್ದವು, ಕೈಗಳು ಮಾತ್ರ ನಿಂತಿದ್ದವು. ಅವರಿಗೆಲ್ಲ ಮೊದಲೇ ಗೊತ್ತಿತ್ತು ಎಂದು ಅವಳಿಗೆ ತಿಳಿಯಿತು. ವಾಪಸ್ ಹೋಗಿ ಕೈಯಲ್ಲಿದ್ದ ಕಟ್ಟು ಮುಗಿಯುವವರೆಗೆ ನೆಟ್ಟು ಬಂದಳು.

ಡಾಕ್ಟರು ಈಗ ಅಂಥ ಯಾವ ರಿಪೋರ್ಟನ್ನೂ ಮೇಲ್‌ನಲ್ಲಿ ಕಳಿಸುವುದಿಲ್ಲ. ಪೇಷಂಟನ್ನೇ ಕರೆಸಿ ಹೇಳುತ್ತಾಳೆ. ಕಂಪ್ಯೂಟರಿನ ಸದ್ದನ್ನು ನಾನು ಬಂದ್ ಮಾಡಿಸಿದೆ. ಆ ನಾಟಿಯ ಹೆಂಗಸಿನ ಹೆಸರಿನ ಮುಂದೆ ನನ್ನ ಮೇಲ್ ಐಡಿ ಹಾಕಿದ್ದೇನೆ, ಹುಬ್ಬಳ್ಳಿಯವರಿಗೂ ಅದನ್ನೇ ಬರೆದು ಕಳಿಸಿದ್ದೆ. ದಿನಾ ಬೆಳಿಗ್ಗೆ ತೆರೆದು ನೋಡುತ್ತೇನೆ. ಇದುವರೆಗೆ ಏನೂ ಬಂದಿಲ್ಲ.

ಅವಳನ್ನು ಕಡೆಯ ಸಲ ನೋಡಿದ್ದು ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ, ಹುಬ್ಬಳ್ಳಿ ಬಸ್ಸು ಹತ್ತಿಸುವಾಗ. ಮಗಳು ಮೊದಲೇ ಹತ್ತಿ ಸೀಟು ಹಿಡಿದಿದ್ದಳು. ನಾನು ಸ್ಲೈಡಿನ ಡಬ್ಬಿ ಕೊಟ್ಟು, ಗಾಜು, ಹುಷಾರು ಅಂದೆ.

"ಇನ್ಮ್ಯಾಲ ನನ್ನ ಪೇಪರ್ ಯಾರ ಕಡೆ ಬರತೈತ್ರಿ ಅಮ್ಮಾರ?"

"ನನ್ನ ಕಡೆ. ನಾನ ಬಂದು ಓದಿ ಹೇಳ್ತೀನಿ."

"ಮೊದಲ ನನಗ ಹೇಳ್ರಿ," ಅಂದಳು. "ಊರಿಗೆ ಆಮ್ಯಾಲ."

ಬಸ್ಸು ಹಿಂದಕ್ಕೆ ಸರಿದು ತಿರುಗಿತು. ನಾನು ಕೈ ಎತ್ತಿದೆ. ಕಿಟಕಿಯಲ್ಲಿ ಅವಳ ಮುಖ ಕಂಡಿತು; ನನ್ನ ಕಡೆ ನೋಡುತ್ತಿರಲಿಲ್ಲ. ತೊಡೆಯ ಮೇಲಿನ ಡಬ್ಬಿಯ ಮೇಲೆ ಎರಡೂ ಅಂಗೈ ಮುಚ್ಚಿ, ಅದನ್ನೇ ನೋಡುತ್ತ ಕೂತಿದ್ದಳು.