ಗೋಡೆಯ ಕಡೆಗೆ ಮುಖ

ಯಾರಾದರೂ ಪಾಸ್‌ವರ್ಡ್ ಒತ್ತಲು ಬೆರಳೆತ್ತಿದರೆ ಸಾಕು, ಮೇಡಂ ಅವರ ಕುತ್ತಿಗೆ ತಾನಾಗಿ ಗೋಡೆಯ ಕಡೆ ಹೊರಳುತ್ತಿತ್ತು. ಆಗ ಎಡಗಿವಿಯ ಹಿಂದೆ ಒಂದು ಮಚ್ಚೆ ಕಾಣುತ್ತಿತ್ತು. ಎಡಗಿವಿಯೋ, ಬಲಗಿವಿಯೋ? ಈಗ ಆಣೆ ಮಾಡಿ ಹೇಳಲಾರೆ. ಹೊರಳಿದ್ದು ಮಾತ್ರ ನಿಜ.

ಕಲಬುರಗಿಯ ಕಪನೂರದಲ್ಲಿ, ವೆಲ್ಡಿಂಗ್ ಅಂಗಡಿಯ ಮೇಲಿನ ಕೋಣೆ ಅವರ ಆಫೀಸು. ದೊಡ್ಡ ಕಂಪನಿಗಳು ತಮ್ಮ ಕಂಪ್ಯೂಟರುಗಳಿಗೆ ಕನ್ನ ಹಾಕಿ ತೋರಿಸಿ ಎಂದು ಅವರನ್ನೇ ಕೇಳಿಕೊಳ್ಳುತ್ತಿದ್ದವು. ಎಲ್ಲಿ ಕೊರೆದೆ, ಹೇಗೆ ಮುಚ್ಚಬೇಕು ಎಂದು ಮೇಡಂ ಬರೆದುಕೊಡುತ್ತಿದ್ದರು. ಆ ಬರವಣಿಗೆಯಿಂದಲೇ ಇಂಗ್ಲಿಷಿನಲ್ಲಿ ಎರಡು ಪುಸ್ತಕ ಹುಟ್ಟಿದವು. ನಾನು ಕೆಲಸ ಕಲಿಯಲು ಹೋದವಳು ಅಲ್ಲೇ ಉಳಿದೆ. ಮೊದಲ ದಿನವೇ ಬೈಸಿಕೊಂಡಿದ್ದೆ.

"ನನ್ನ ಬೆರಳ ಏನ್ ನೋಡಾಕತ್ತಿ? ಉಣ್ಣೋರ ಬಾಯಿ ನೋಡ್ತಾರೇನು ಯಾರರ? ತಿರುಗು ಆ ಕಡೆ!"

ಮೂರನೆಯ ಪುಸ್ತಕ ಕನ್ನಡದಲ್ಲಿ. ಒಂದು ಅಧ್ಯಾಯ ಮುಗಿದರೆ ಭಾನುವಾರ ಕಮಲಾಪುರದ ಬಸ್ಸು. ಅಲ್ಲಿ ಅವರ ಅವ್ವ ಕೆಂಪು ಬಾಳೆಹಣ್ಣು ಸುಲಿದು ನಮ್ಮ ಕೈಗಿಟ್ಟು, ಮೇಡಂ ಓದುವುದನ್ನು ಕೇಳಲು ಕೂರುತ್ತಿದ್ದರು. ಅವ್ವ ಆಕಳಿಸಿದ ಸಾಲು ಪುಸ್ತಕದಲ್ಲಿ ಉಳಿಯುವಂತಿರಲಿಲ್ಲ.

"ಅವ್ವಾ, ಇದು ಭಾಳ ಮುಖ್ಯ ಅದ."

"ಮುಖ್ಯ ಇದ್ರ ನನಗ್ಯಾಕ ನಿದ್ದಿ ಬರಾಕತ್ತದ?"

ಮೇಡಂ ನಗುತ್ತ ಸಾಲು ಹೊಡೆದುಹಾಕುತ್ತಿದ್ದರು. ನಗುತ್ತಲೇ? ಸಿಟ್ಟೂ ಬಂದಿರಬೇಕು. ಸತ್ತವರು ನೆನಪಿನಲ್ಲಿ ಬರೀ ನಗುತ್ತಾರೆ, ಆ ನೆನಪನ್ನು ನಾನು ನಂಬುವುದಿಲ್ಲ. ಮೊದಲ ಅಧ್ಯಾಯ ಮುಖ ತಿರುಗಿಸುವ ಆ ರೂಢಿಯ ಬಗ್ಗೆಯೇ ಇತ್ತು. ಅದಕ್ಕೆ ಅವ್ವ ಒಮ್ಮೆಯೂ ಆಕಳಿಸಲಿಲ್ಲ.

ಕೊನೆಯ ಅಧ್ಯಾಯ ಮುಗಿಯಿತೆಂದು ಒಂದು ಶುಕ್ರವಾರ ಮೇಡಂ ಹೇಳಿದರು. "ಆದಿತ್ಯವಾರ ಹೋಗೂಣು. ಈ ಸಲ ಅವ್ವ ಹೆಂಗ ಆಕಳಿಸ್ತಾಳ ನೋಡೇ ಬಿಡ್ತೀನಿ."

ಶನಿವಾರ ಮೇಡಂ ಅವರ ಹೃದಯ ನಿಂತಿತು.

ಅಧ್ಯಾಯ ಅವರ ಲ್ಯಾಪ್‌ಟಾಪಿನೊಳಗಿದೆ. ಬೀಗ ಹಾಕಿದವರು ಮೇಡಂ, ಅಂದಮೇಲೆ ಅದು ಮುರಿಯುವಂಥದ್ದಲ್ಲ. ಕೀಲಿಯನ್ನು ಯಾರ ಕೈಗೆ ಬಿಟ್ಟುಹೋಗಬೇಕು ಎಂಬುದೇ ಆ ಅಧ್ಯಾಯದ ವಿಷಯ ಎಂದು ಬರೆದರೆ ಚೆಂದ ಕಾಣುತ್ತದೆ. ಅದರಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ.

ಲ್ಯಾಪ್‌ಟಾಪನ್ನು ಕಮಲಾಪುರಕ್ಕೆ ಒಯ್ದೆ. ಅವ್ವ ಹಣ್ಣು ಸುಲಿದು ಕೈಗಿಟ್ಟರು.

"ಅದೊಂದು ನನಗ ಓದಿ ಹೇಳಲಿಲ್ಲ ನೋಡವಾ ಆಕಿ. ನೀ ಮಗ್ಗಲಕ್ಕೇ ಇದ್ದಾಕಿ, ನಿನಗ ಗೊತ್ತಿರ್ತದ. ತೆಗಿ."

ಪಾಸ್‌ವರ್ಡ್ ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೆ, ಮೊದಲ ದಿನ ಬೈಸಿಕೊಂಡ ಮೇಲೆ ಆ ಬೆರಳುಗಳು ಒತ್ತುವುದನ್ನು ಒಮ್ಮೆಯೂ ನೋಡಿರಲಿಲ್ಲ. ನೋಡಿದ್ದೆಲ್ಲ ಗೋಡೆಯ ಸುಣ್ಣ. ಆದರೂ ಪರದೆ ತೆರೆದು ಕೀಲಿಮಣೆಯ ಮೇಲೆ ಕೈ ಇಟ್ಟೆ.

ಅವ್ವ ಮೆಲ್ಲಗೆ ಗೋಡೆಯ ಕಡೆ ಹೊರಳಿದರು.

"ಒತ್ತವಾ. ನಾ ನೋಡಂಗಿಲ್ಲ."

ನಾನು ಅವರ ಕಿವಿಯ ಹಿಂದೆ ಮಚ್ಚೆ ಹುಡುಕುತ್ತ ಕೂತೆ.