ಚುನಾವಣೆ ಬಂದರೆ ಅನಸೂಯಮ್ಮನಿಗೆ ರಜೆ

ಸರ್ಕಾರ ಬಿದ್ದರೆ ಯಾರಿಗೆ ಖುಷಿ? ವಿರೋಧ ಪಕ್ಷದವರಿಗೆ ಅಂತೀರಿ. ಅಲ್ಲ ಸ್ವಾಮಿ, ಅವರಿಗಿಂತ ಹೆಚ್ಚು ಖುಷಿಪಡುವ ಹೆಂಗಸೊಬ್ಬಳು ರಾಯಲ್ಪಾಡಿನ ಆಚೆಯ ಹಳ್ಳಿಯಲ್ಲಿದ್ದಾಳೆ. ಹೆಸರು ಅನಸೂಯಮ್ಮ. ಟಿವಿಯಲ್ಲಿ ಶಾಸಕರು ಜಗಳಾಡಿಕೊಂಡರೆ ಸಾಕು, ಒಲೆ ಮುಂದಿನಿಂದ ಎದ್ದು ಬಂದು, "ಏನ್ರೀ, ಬೀಳುತ್ತಾ ಈ ಸರ್ಕಾರ?" ಎಂದು ಗಂಡನನ್ನು ಕೇಳುತ್ತಾಳೆ. ರಾಜಕೀಯದ ಗಂಧ ಅವಳಿಗಿಲ್ಲ. ಚುನಾವಣೆ ಬಂದರೆ ಊರಿನ ಲೈಸೆನ್ಸ್ ಬಂದೂಕುಗಳೆಲ್ಲ ಠಾಣೆಗೆ ಹೋಗಬೇಕು. ಮನೆಯ ಬಂದೂಕು ಠಾಣೆಗೆ ಹೋದರೆ ಮಾತ್ರ ಅವಳೂ ಗಂಡನೂ ಒಟ್ಟಿಗೆ ಹೊಸ್ತಿಲು ದಾಟಬಹುದು. ಇಷ್ಟೇ ಅವಳ ರಾಜಕೀಯ.

ಗಂಡ ಸುಬ್ಬರಾಯಪ್ಪನಿಗೆ ಮಾವಿನ ತೋಪಿದೆ. ಆದರೆ ಅವನ ಜೀವ ಇರುವುದು ನಡುಮನೆಯ ಗೋಡೆಯ ಮೇಲೆ. ಬ್ರಿಟಿಷರ ಕಾಲದಲ್ಲಿ ಸಿಪಾಯಿಗಳು ಹೊತ್ತು ತಿರುಗಿದ ಹಳೇ ಬಂದೂಕುಗಳು, ಮಾರ್ಟಿನಿ ಅಂತ ಹೆಸರು. ಹಿಡಿಕೆಯ ಕೆಳಗೊಂದು ಕಬ್ಬಿಣದ ಲಿವರು. ಅದನ್ನು ಕೆಳಕ್ಕೆ ಎಳೆದರೆ ಬಂದೂಕು ಬಾಯಿ ತೆರೆಯುತ್ತದೆ. ಮದ್ದುಗುಂಡು ತುಂಬಿದ ಒಂದು ತೋಟಾ ಒಳಗಿಟ್ಟು ಲಿವರು ಮೇಲೆತ್ತಿದರೆ ಬಾಯಿ ಮುಚ್ಚುತ್ತದೆ. ಒಂದು, ತಾತ ಕಾಡುಹಂದಿ ಬೆದರಿಸಲು ಇಟ್ಟುಕೊಂಡಿದ್ದು. ಇನ್ನೊಂದನ್ನು ಟೇಕಲ್ಲಿನ ಒಂದು ಮನೆಯಿಂದ, ಹೆಣ್ಣು ನೋಡಲು ಹೋದವನ ಹಾಗೆ ಮೇಲಿಂದ ಮೇಲೆ ಹೋಗಿ ಬಂದು, ಕಾಗದಪತ್ರ ಮಾಡಿಸಿ ತಂದಿದ್ದ. ಮೂರನೆಯದೂ ಒಂದಿತ್ತು. ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂದು ಕಾನೂನು ಬಂದಾಗ ಅದನ್ನು ಒಪ್ಪಿಸಿ ಬಂದು, ಸೂತಕದ ಮನೆಯವನ ಹಾಗೆ ಜಗಲಿಯ ಮೇಲೆ ಕೂತುಬಿಟ್ಟಿದ್ದ.

ಇವಳು ಮದುವೆಯಾಗಿ ಬಂದ ಹೊಸದರಲ್ಲಿ ಯಾರೋ ಇನ್ಸ್‌ಪೆಕ್ಟರು, "ಆಯುಧ ಇರೋ ಮನೇನ ಬರಿದು ಮಾಡಿ ಹೋಗಬೇಡಿ" ಅಂದಿದ್ದರಂತೆ. ಹೇಳಿದವರು ರಿಟೈರಾಗಿ ಮೊಮ್ಮಕ್ಕಳನ್ನು ಕಂಡಿರಬೇಕು, ಇವನು ಮಾತ್ರ ಆ ಮಾತನ್ನು ಜನಿವಾರ ಮಾಡಿಕೊಂಡ. ಮದುವೆಗೆ ಅವನು ಹೋದರೆ ಇವಳು ಮನೆ ಕಾಯಬೇಕು. ಸಾವಿಗೆ ಇವಳು ಹೋದರೆ ಅವನು. ತಿರುಪತಿಗೆ ಜೊತೆಯಲ್ಲಿ ಹೋದದ್ದು ಲೋಕಸಭೆ ಚುನಾವಣೆಯಲ್ಲಿ, ಧರ್ಮಸ್ಥಳಕ್ಕೆ ವಿಧಾನಸಭೆಯದರಲ್ಲಿ. ಹೋದಲ್ಲೂ ಅವನದು ಅರೆಜೀವ. ದೇವರ ಮುಂದೆ ಕಣ್ಣು ಮುಚ್ಚಿ, "ಠಾಣೇಲಿ ಮೂಲೆಗೆ ಒರಗಿಸಿಟ್ಟಿರ್ತಾರೆ ಕಣೇ, ಗೆದ್ದಲು ಹಿಡಿದರೆ?" ಅನ್ನುತ್ತಿದ್ದ. ಅವಳಿಗೆ ಅಳಬೇಕೋ ನಗಬೇಕೋ ತಿಳಿಯುತ್ತಿರಲಿಲ್ಲ.

ಮಕ್ಕಳಿಲ್ಲದ ಅವಳಿಗೆ ತಮ್ಮನ ಮಗಳು ಚಂದನಳೇ ಮಗಳು. ತಮ್ಮ ಎಳೆವಯಸ್ಸಿಗೇ ತೀರಿಕೊಂಡ. ಅವನ ಹೆಂಡತಿ ಶಾಮಲಮ್ಮ ಮುಳಬಾಗಿಲಿನಲ್ಲಿ ಹೊಲಿಗೆ ಹಾಕಿ ಹುಡುಗಿಯನ್ನು ಬೆಳೆಸಿದಳು. ರಜೆ ಬಂತೆಂದರೆ ಹುಡುಗಿ ಅತ್ತೆಯ ಸೆರಗು ಹಿಡಿದುಕೊಂಡೇ ಓಡಾಡುತ್ತಿತ್ತು. ಈ ವರ್ಷ ಅವಳಿಗೆ ಮದುವೆ ಗೊತ್ತಾಯಿತು. ಅಪ್ಪನಿಲ್ಲದ ಹುಡುಗಿಗೆ ಧಾರೆ ಎರೆಯಲು ಗಂಡ ಹೆಂಡತಿ ಜೋಡಿಯಾಗಿ ಕೂರಬೇಕು. ಒಬ್ಬರೇ ಕೂರುವ ಹಾಗಿಲ್ಲ.

"ಅತ್ತೆ, ನೀವೂ ಮಾವನೂ ಎರೀಬೇಕು. ಇನ್ಯಾರು ಎರೆದರೂ ನಾನು ಒಪ್ಪಲ್ಲ," ಅಂದಳು ಚಂದನ ಫೋನಿನಲ್ಲಿ.

ದೇವರು ಕಣ್ಣು ಬಿಟ್ಟ. ದಸರಾ ಕಳೆದದ್ದೇ ಪಂಚಾಯತಿ ಚುನಾವಣೆ ಘೋಷಣೆಯಾಯಿತು, ಮದುವೆಯ ದಿನ ಸರಿಯಾಗಿ ಅದರ ನಡುವೆ ಬಿತ್ತು. ಅನಸೂಯಮ್ಮ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಗಂಡನ ಶಲ್ಯಕ್ಕೂ ಇಸ್ತ್ರಿಯಾಯಿತು.

ಠಾಣೆಗೆ ಒಪ್ಪಿಸುವ ದಿನ ಬೆಳಿಗ್ಗೆ ಸುಬ್ಬರಾಯಪ್ಪ ತಾತನ ಬಂದೂಕು ಇಳಿಸಿ ಲಿವರು ಎಳೆದ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಅನಸೂಯಾ, ಏನ್ಮಾಡಿದೀಯ ಇದಕ್ಕೆ?"

ಆಯುಧಪೂಜೆಯ ಹೊತ್ತಿಗೆ ಅವನ ಕಣ್ಣಿನ ಪೊರೆ ತೆಗೆದ ಡಾಕ್ಟರು, ಬಗ್ಗಬಾರದು, ಧೂಳು ಎಣ್ಣೆ ಮುಟ್ಟಬಾರದು ಎಂದಿದ್ದರು. ಹಾಗಾಗಿ ಪೂಜೆಯನ್ನು ಅವಳೇ ಮಾಡಿದ್ದಳು. ಬರಿದಾದದ್ದಕ್ಕೆ ಪೂಜೆ ಸಲ್ಲದು ಎಂಬುದು ಆ ಮನೆಯ ನಂಬಿಕೆ. ಬರೀ ಮೊರಕ್ಕೆ ಕುಂಕುಮ ಇಡುವುದಿಲ್ಲ, ಹಿಡಿ ರಾಗಿ ಹಾಕುತ್ತಾರೆ. ಬಂದೂಕಿನ ಬಾಯಿಗೂ ಒಂದು ತೋಟಾ ಇಟ್ಟು, ಪೂಜೆಯಾದ ಮೇಲೆ ತೆಗೆಯುತ್ತಾರೆ. ಅವಳು ಇಟ್ಟಳು. ಕುಂಕುಮ ಧಾರಾಳವಾಗಿ ಬಳಿದಳು, ಎಳನೀರು ಚಿಮುಕಿಸಿದಳು. ತೆಗೆಯುವುದನ್ನು ಮರೆತಳು. ಎಲ್ಲ ಸೇರಿ ಲಿವರಿನ ಸಂದಿಯಲ್ಲಿ ಅಂಟಾಗಿ ತುಕ್ಕು ಹಿಡಿದಿತ್ತು.

"ಹಬ್ಬದ ದಿನ ತೋಟಾ ಇಟ್ಟೆ ಕಣ್ರೀ. ತೆಗೆಯೋದು ಮರೆತುಹೋಯ್ತು."

"ಯಾವ ಡಬ್ಬೀದು?"

"ಕಿಟಕಿ ಹತ್ತಿರದ್ದು. ನೀವು ಹುಣಸೆಹುಳಿ ಹಾಕಿ ಬೆಳಗಿಟ್ಟಿರ್ತೀರಲ್ಲ, ಅದು."

ಅವನು ಅವಳ ಮುಖ ನೋಡಿದ, ಬಂದೂಕು ನೋಡಿದ. "ಹೂಂ" ಎಂದಷ್ಟೇ ಹೇಳಿ ಎರಡನ್ನೂ ಗೋಣಿಯಲ್ಲಿ ಸುತ್ತಿ ಆಟೋ ಹತ್ತಿದ. ಆ ಡಬ್ಬಿಯನ್ನು ಅವನು ಎಂದೂ ಅವಳಿಗೆ ಮುಟ್ಟಗೊಟ್ಟವನಲ್ಲ, ಸಿಡಿದೀತು ಎಂದು ಹೆದರಿಸುತ್ತಿದ್ದ. ಈಗ ಬೈದಿದ್ದರೂ ಅವಳಿಗೆ ಹಗುರಾಗುತ್ತಿತ್ತು.

ಮಧ್ಯಾಹ್ನ ವಾಪಸು ಬಂದ. ಟೇಕಲ್ಲಿನದನ್ನು ಇಟ್ಟುಕೊಂಡಿದ್ದರು, ತಾತನದು ಅವನ ಕೈಯಲ್ಲೇ ಇತ್ತು. "ಒಳಗೆ ತೋಟಾ ಇರೋದನ್ನ ತಗೊಳ್ಳಲ್ಲ ಅಂದ ಮುರಳಿಮೋಹನ್. ರಿಪೇರಿಯವನ ಹತ್ತಿರ ತೆಗೆಸಿ ತನ್ನಿ, ಅಲ್ಲೀವರೆಗೂ ಮನೇಲಿ ಹುಷಾರಾಗಿ ಇಟ್ಟುಕೊಳ್ಳಿ ಅಂದ." ಮುರಳಿಮೋಹನ್ ಅಂದರೆ ಠಾಣೆಯ ಪೇದೆ.

"ಹಾಗಾದ್ರೆ ಅಮ್ಜದ್‌ನ ಕರೆಸಿ." ಅಮ್ಜದ್ ಕೋಲಾರದಲ್ಲಿ ಬಂದೂಕು ರಿಪೇರಿ ಮಾಡುವವನು.

"ಫೋನ್ ಮಾಡಿದೆ. ಸದ್ಯಕ್ಕೆ ಬರೋಕಾಗಲ್ಲವಂತೆ."

"ಒಂದು ದಿನ ಬೀಗ ಹಾಕಿ ಹೋಗೋಣ ಕಣ್ರೀ. ಬೆಳಿಗ್ಗೆ ಹೋಗಿ ಸಂಜೆಗೆ ಬಂದುಬಿಡೋಣ."

"ತುಂಬಿದ ತುಪಾಕೀನ ಒಂಟಿಯಾಗಿ ಬಿಟ್ಟಾ? ಹೆಚ್ಚುಕಡಿಮೆ ಆದ್ರೆ ಜೈಲಿಗೆ ನೀನು ಹೋಗ್ತೀಯಾ?"

ತೋಟಾ ಇಟ್ಟ ಕೈ ಅವಳದು, ಯಾವ ಮುಖ ಇಟ್ಟುಕೊಂಡು ಜಗಳವಾಡುತ್ತಾಳೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಆ ಪೂಜಾರಿ ತಾನೇ. ಹುಡುಗಿಗೆ ಏನು ಹೇಳಲಿ ಎಂದು ಹಗಲೆಲ್ಲ ಕೊರಗಿದಳು. ಒಲೆಯ ಮುಂದೆ ಕೂತರೂ ಆ ಮುಚ್ಚಿದ ಬಾಯಿಯ ಬಂದೂಕು ಗೋಡೆಯಿಂದ ತನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ಅನ್ನ ಸೇರಲಿಲ್ಲ. ಗಂಡ ಎದುರಿಗೇ ಕೂತು ಎರಡನೇ ಸಲ ಸಾರು ಹಾಕಿಸಿಕೊಂಡು, "ಉಣ್ಣೇ, ಆಗಿದ್ದು ಆಯ್ತು" ಎಂದ. ಎಷ್ಟು ದೊಡ್ಡ ಮನಸ್ಸು ಇವರದು ಎಂದುಕೊಂಡು ಅದಕ್ಕೂ ಅತ್ತಳು.

ಮದುವೆಗೆ ಒಬ್ಬಳೇ ಹೋದಳು. ಶಾಮಲಮ್ಮ ಬಾಗಿಲಲ್ಲೇ, "ಅಣ್ಣ ಎಲ್ಲಿ ಅತ್ತಿಗೆ?" ಎಂದಾಗ ಅವಳು ತಲೆ ತಗ್ಗಿಸಿ ಒಳಗೆ ನಡೆದಳು. ಪುರೋಹಿತರು ಮುಹೂರ್ತ ಮೀರುತ್ತದೆ ಎಂದು ಕೂಗಿದರು. ಕೊನೆಗೆ ಪಕ್ಕದ ಮನೆಯ ಸುರೇಶನನ್ನೂ ಅವನ ಹೆಂಡತಿಯನ್ನೂ ಕೂರಿಸಿದರು. ಆ ಸುರೇಶ ಪಾಪ, ಊಟಕ್ಕೆ ಬಂದವನು, ಯಾರದೋ ಪಂಚೆ ಉಟ್ಟುಕೊಂಡು ಕೂತ. ನೀರು ಬೀಳುವಾಗ ಚಂದನ ತಲೆಯೆತ್ತಿ ಗುಂಪಿನಲ್ಲಿ ಅತ್ತೆಯನ್ನು ಹುಡುಕಿದಳು. ಅನಸೂಯಮ್ಮ ಕಂಬದ ಹಿಂದಕ್ಕೆ ಸರಿದುಕೊಂಡಳು. ಅಷ್ಟು ನಾಚಿಕೆಯಾಗಿತ್ತು ಅವಳಿಗೆ.

ಚುನಾವಣೆ ಮುಗಿಯಿತು. ಟೇಕಲ್ಲಿನ ಬಂದೂಕು ಮನೆಗೆ ಬಂದು ಗೋಡೆ ಏರಿತು. ಚಂದನ ಗಂಡನ ಜೊತೆ ತವರಿಗೆ ಬಂದಿದ್ದಾಳೆ, ಇಬ್ಬರೂ ಬನ್ನಿ ಎಂದು ಶಾಮಲಮ್ಮ ಫೋನು ಮಾಡಿದಳು. ಇಬ್ಬರೂ ಅಂತೆ! ಅನಸೂಯಮ್ಮ ಒಬ್ಬಳೇ ಹೊರಡಲು ಚೀಲ ಕಟ್ಟಿ, ಚಕ್ಕುಲಿ ತುಂಬುತ್ತಿದ್ದಾಗ ಅಮ್ಜದ್ ಬಂದ. ಜಗಲಿಯ ಮೇಲೆ ಗೋಣಿ ಹಾಸಿ, ಸಂದಿಗೆ ಸೀಮೆಎಣ್ಣೆ ಬಿಟ್ಟು, ಮರದ ಕೊಡತಿಯಿಂದ ಮೆತ್ತಗೆ ತಟ್ಟತೊಡಗಿದ.

"ಅಯ್ಯೋ ಜೋಪಾನ ಕಣಪ್ಪಾ, ಸಿಡಿದೀತು!" ಅನಸೂಯಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಳು.

ಲಿವರು ಕಿರ್ರೆಂದು ಕೆಳಗೆ ಬಂತು. ತೋಟಾ ಗೋಣಿಯ ಮೇಲೆ ಬಿತ್ತು. ಅಮ್ಜದ್ ಅದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನಕ್ಕ.

"ಅರೆ ಅಮ್ಮಾ, ಇದರಲ್ಲಿ ಸಿಡಿಯೋಕೆ ಏನಿದೆ? ಮದ್ದೇ ಇಲ್ಲ. ಹಳೇ ಕೊಳವೆಗೆ ಚಂದಕ್ಕೆ ಅಂತ ಗುಂಡು ಕೂಡಿಸಿರೋದು, ಎಲ್ಲಾ ಅಣ್ಣಾವರದೇ ಕೈಕೆಲಸ. ಇದರ ಅಸಲಿ ತೋಟಾ ಈಗೆಲ್ಲಿ ಸಿಗುತ್ತೆ? ಅಣ್ಣಾವ್ರೇ ಫೋನಲ್ಲಿ ಹೇಳಿದ್ರಲ್ಲ, ಒಳಗಿರೋದು ಖಾಲೀದು, ಆತುರ ಏನಿಲ್ಲ, ಮದುವೆ ಕಳೆದ ಮೇಲೆ ಬಾ ಅಂತ. ನಾನು ಮಾರನೇ ದಿನಾನೇ ಬರೋಕೆ ರೆಡಿ ಇದ್ದೆ."

ಅನಸೂಯಮ್ಮ ಗಂಡನ ಕಡೆ ತಿರುಗಿದಳು. ಅವನು ಬಂದೂಕಿನ ಮರದ ಮೇಲೆ ಇಲ್ಲದ ಧೂಳು ಒರೆಸುತ್ತಿದ್ದ.

ಅಮ್ಜದ್ ಕಾಫಿ ಕುಡಿದು ಹೋದ ಮೇಲೆ ಅವಳು ಕೇಳಿದಳು: "ಠಾಣೇಲೂ ಖಾಲೀದು ಅಂತ ಹೇಳಲಿಲ್ಲ ಅಲ್ವಾ?"

"ಹೋದ ಸಲ ಠಾಣೇಲಿ ಟೇಕಲ್ಲಿನದಕ್ಕೆ ಗೀರು ಬಿದ್ದಿತ್ತು ಕಣೇ. ಇದು ತಾತಂದು. ಒಂದನ್ನಾದ್ರೂ ಉಳಿಸಿಕೊಳ್ಳೋಣ ಅಂತ… ಮನಸ್ಸು ತಡೀಲಿಲ್ಲ."

"ನನ್ನ ತಪ್ಪು ಅಂತ ಅನ್ನ ಬಿಟ್ಟು ಅತ್ತೆ ಕಣ್ರೀ. ನೀವು ಎದುರಿಗೆ ಕೂತು ಸಾರು ಹಾಕಿಸಿಕೊಂಡು ಉಂಡ್ರಿ. ಆ ಮಗು ನನ್ನನ್ನ ಹುಡುಕ್ತಿತ್ತು. ನಾನು ಕಳ್ಳಿ ಥರ ಕಂಬದ ಹಿಂದೆ ನಿಂತಿದ್ದೆ. ಚುನಾವಣೆ ಇನ್ನೊಂದು ಬರುತ್ತೆ. ಅವಳ ಧಾರೆ ಇನ್ನೊಂದು ಸಲ ಬರುತ್ತಾ?"

ಅವನು ಬಂದೂಕನ್ನು ಒಯ್ದು ಗೋಡೆಗೆ ಏರಿಸಿ ಬಂದ.

ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. "ಮುಳಬಾಗಿಲಿಗೆ ಹೋಗ್ತೀನಿ. ಬೀಗ ಅಲ್ಲೇ ಮೊಳೆಗೆ ನೇತಾಡ್ತಿದೆ. ಬರೋ ಹಾಗಿದ್ರೆ ಶರಟು ಹಾಕ್ಕೊಳ್ಳಿ, ಬಸ್ಸು ಬರೋ ಹೊತ್ತು."

ಅವನು ಶರಟು ಹಾಕಿಕೊಂಡ. ಸುಳ್ಳಲ್ಲ, ನಿಜವಾಗಿ ಹಾಕಿಕೊಂಡ. ಬೀಗ ಹಿಡಿದು ಅವಳ ಹಿಂದೆಯೇ ಗೇಟಿನವರೆಗೂ ಬಂದ. ಅನಸೂಯಮ್ಮ ರಸ್ತೆ ದಾಟಿ ಆಚೆ ನಿಂತು ಕಾದಳು. ಒಳಗೊಳಗೇ, ಬಂದುಬಿಡಲಿ ದೇವರೇ, ಎಲ್ಲಾ ಮರೆತುಬಿಡ್ತೀನಿ, ಎಂದು ಬೇಡಿಕೊಂಡಳು. ಅವನು ಗೇಟಿನ ಅಗುಳಿಯ ಮೇಲೆ ಕೈಯಿಟ್ಟು ಒಂದು ಸಲ ಹಿಂದಕ್ಕೆ, ತೆರೆದ ಬಾಗಿಲ ಕಡೆಗೆ ನೋಡಿದ. ನಡುಮನೆಯ ಗೋಡೆ ಅಲ್ಲಿಂದ ಕಾಣುತ್ತಿತ್ತು.

ಬಸ್ಸು ಬಂದು ನಿಂತಿತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು.

"ಒಬ್ಬರೇನಾ ಅಮ್ಮಾ? ಅಲ್ಲಿ ಯಜಮಾನರು ನಿಂತಿದ್ದಾರಲ್ಲ, ಬರ್ತಾರಾ?" ಕಂಡಕ್ಟರು ಸೀಟಿಯನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡು ಕೇಳಿದ.

ಅನಸೂಯಮ್ಮ ಕಿಟಕಿಯಿಂದ ನೋಡಿದಳು. ಬೀಗ ಅವನ ಕೈಯಲ್ಲೇ ಇತ್ತು, ಅವನು ಗೇಟಿನ ಒಳಗೇ ಇದ್ದ.

"ಇಲ್ಲಪ್ಪಾ," ಎಂದಳು. "ಅವರನ್ನ ಮನೇಲಿರೋವು ಬಿಡಲ್ಲ."